ತಾತನ ಬಾವಿಯ ಗಪ್ಪಿ

ನಮ್ಮದು ಕೋಲಾರದ ಕಡೆ. ಮಲೇರಿಯಾ ಸೊಳ್ಳೆಮರಿ ತಿನ್ನಲಿ ಅಂತ ಅಲ್ಲಿ ಬಾವಿಗಳಿಗೆ ಗಪ್ಪಿ ಮೀನು ಬಿಡ್ತಿದ್ರು. ತಾತನ ಬಾವಿಯಲ್ಲೂ ಇದ್ವು. ಯಾರೂ ಏನೂ ಹಾಕದಿದ್ರೂ ಬದುಕ್ತಿದ್ವು. ಅದನ್ನೇ ನಂಬಿ, ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಚಿಕ್ಕಮ್ಮನ ಮನೆ ಬೇಸ್‌ಮೆಂಟಿನಲ್ಲಿ 10 ಗ್ಯಾಲನ್ ಟ್ಯಾಂಕ್ ಇಟ್ಟು, ಅದೇ ದಿನ ಆರು ಗಪ್ಪಿ ತಂದು ಬಿಟ್ಟೆ. ವಾರದೊಳಗೆ ಐದು ಸತ್ತವು. ಇಂಜಿನಿಯರಿಂಗ್ ಓದಿಯೂ ಇಷ್ಟು ಗೊತ್ತಾಗಲಿಲ್ಲವಲ್ಲ ಅಂತ ನಾಚಿಕೆಯಾಯ್ತು. ನಲ್ಲಿನೀರಿನ ಕ್ಲೋರಿನ್ ತೆಗೆದರೆ ಸಾಲದು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯೋಕೆ ನಾಲ್ಕಾರು ವಾರ ಬೇಕು. ತಾತನ ಬಾವಿಗೆ ವರ್ಷಗಳೇ ಸಿಕ್ಕಿದ್ದವು.

ಉಳಿದದ್ದು ಒಂದೇ ಹೆಣ್ಣು. ದಿನಾ ಸ್ವಲ್ಪ ನೀರು ಬದಲಿಸಿದೆ, ಹೀಟರ್ 25 ಡಿಗ್ರಿಗೆ ಇಟ್ಟೆ. ಒಂದು ಬೆಳಿಗ್ಗೆ ನೋಡಿದರೆ ಗಿಡದ ಮರೆಯಲ್ಲಿ ಹದಿನಾಲ್ಕು ಮರಿ! ಗಂಡೇ ಇಲ್ಲವಲ್ಲ? ಹೆಣ್ಣು ಗಪ್ಪಿ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿರುತ್ತಂತೆ. ಮೊಟ್ಟೆ ಇಡೋಲ್ಲ, ನೇರ ಮರಿ ಹಾಕುತ್ತೆ. ತಾಯಿಯೇ ತಿಂದುಬಿಡುತ್ತೆ ಅಂತ ಮರಿಗಳನ್ನು ಬೇರೆ ಡಬ್ಬಿಗೆ ಹಾಕಿ, ಬೇಯಿಸಿದ ಕೋಳಿಮೊಟ್ಟೆಯ ಹಳದಿ ಚೂರು ಕೊಟ್ಟು ಸಾಕಿದೆ.

ಈಗ ಅರವತ್ತು ದಾಟಿವೆ. ಮೇ ತಿಂಗಳಲ್ಲಿ ನಾನು ಇಂಟರ್ನ್‌ಶಿಪ್‌ಗೆ ಅಟ್ಲಾಂಟಾಗೆ ಹೊರಡಬೇಕು. "ಲಿಟಲ್ ಸೆನೆಕಾ ಕೆರೆಗೆ ಬಿಟ್ಟು ಬಾರೋ" ಅಂದ್ರು ಚಿಕ್ಕಪ್ಪ. ಊರಲ್ಲಿ ಪುಣ್ಯ ಅನ್ನೋ ಕೆಲಸ ಇಲ್ಲಿ ತಪ್ಪು. ಹೊರಗಿನ ಮೀನು ಕೆರೆಗೆ ಬಿಡಬಾರದು; ಬಿಟ್ಟರೂ ಚಳಿಗಾಲ ದಾಟವು. (ನಾನು ದಾಟಿದ್ದೇ ಹೆಚ್ಚು.) ಅಂದಹಾಗೆ ಗಪ್ಪಿ ಕೋಲಾರದ್ದೂ ಅಲ್ಲ, ದಕ್ಷಿಣ ಅಮೆರಿಕದ್ದು.

ಏಪ್ರಿಲ್ ಕೊನೆವರೆಗೂ ಇರ್ತೀನಿ. ಬೇಕಾದವರು ಡಬ್ಬಿ ತನ್ನಿ. ಜೊತೆಗೆ ನನ್ನ ಫಿಲ್ಟರಿನ ಸ್ಪಂಜು ಒಂದೊಂದು ತುಂಡು ಕೊಡ್ತೀನಿ, ದಯವಿಟ್ಟು ಅದನ್ನ ನಲ್ಲಿನೀರಲ್ಲಿ ತೊಳೀಬೇಡಿ.