ಅಂಬಾಸಿಡರ್ ದಾಯಾದಿ

ಬೆಂಗಳೂರಿನ ಯಾವ ಸಿಗ್ನಲ್ಲಿನಲ್ಲಿ ನಿಂತರೂ ಎಂಟು ಮೂಲೆಯ ಬಿಲ್ಲೆಯೊಳಗೆ ‘ಎಂಜಿ’ ಎಂದು ಬರೆಸಿಕೊಂಡ ಹೆಕ್ಟರ್ ಒಂದಾದರೂ ಪಕ್ಕಕ್ಕೆ ಬಂದು ನಿಲ್ಲುತ್ತದೆ. 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತಿರುವ ಗಾಡಿ ಅದು. ಬಂಡವಾಳ ಶಾಂಘೈಯದು, ಈಚೆಗೆ ನಮ್ಮ ತೋರಣಗಲ್ಲಿನ ಉಕ್ಕಿನ ಜಿಂದಾಲರೂ ಪಾಲುದಾರರಾಗಿದ್ದಾರೆ. ಆ ಬಿಲ್ಲೆಗೂ ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ನಮ್ಮ ಸೋದರಮಾವನ ಅಂಬಾಸಿಡರ್ ಟ್ಯಾಕ್ಸಿಗೂ ನೆಂಟಸ್ತಿಕೆ ಇದೆ ಎಂದರೆ ಈಗಿನ ಹುಡುಗರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡುತ್ತಾರೆ. ಇದೆ, ಖಂಡಿತ ಇದೆ. ಒಂದೇ ಮನೆಯ ದಾಯಾದಿಗಳು. ಒಬ್ಬ ಊರಲ್ಲೇ ಉಳಿದು ಹೊಲ ಉತ್ತ, ಇನ್ನೊಬ್ಬ ನಾಟಕದ ಕಂಪನಿ ಸೇರಿ ಬಣ್ಣ ಹಚ್ಚಿಕೊಂಡ.

ಆ ಮನೆಯ ಯಜಮಾನ ವಿಲಿಯಂ ಮಾರಿಸ್. ಸೈಕಲ್ ರಿಪೇರಿಯಿಂದ ಶುರುಮಾಡಿ ಆಕ್ಸ್‌ಫರ್ಡಿನಲ್ಲಿ ಕಾರಿನ ಕಾರ್ಖಾನೆ ಕಟ್ಟಿದವನು. ಅವನ ಹೆಸರಿನ ‘ಮಾರಿಸ್ ಆಕ್ಸ್‌ಫರ್ಡ್’ ಕಾರಿನ ಮೂರನೇ ಅವತಾರವೇ ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಗಿ ಹುಟ್ಟಿ, ನಮ್ಮ ಮಂತ್ರಿಗಳನ್ನೂ ಮದುವೆ ದಿಬ್ಬಣಗಳನ್ನೂ ಒಂದೇ ಸಮನೆ ಹೊತ್ತದ್ದು. ಮಾರಿಸನಿಗೆ ಆಕ್ಸ್‌ಫರ್ಡ್ ಪೇಟೆಯಲ್ಲಿ ಕಾರು ಮಾರುವ, ರಿಪೇರಿ ಮಾಡುವ ‘ಮಾರಿಸ್ ಗ್ಯಾರೇಜಸ್’ ಎಂಬ ಅಂಗಡಿಯೂ ಇತ್ತು. 1922ರಲ್ಲಿ ಅದರ ಮ್ಯಾನೇಜರ್ ಆದ ಸೆಸಿಲ್ ಕಿಂಬರ್‌ಗೆ ಸುಮ್ಮನೆ ಕೂರುವ ಜಾಯಮಾನ ಇರಲಿಲ್ಲ. ಯಜಮಾನನ ಗೃಹಸ್ಥ ಕಾರುಗಳ ಮೈ ಕಳಚಿ, ಚಾಸಿಯ ಮೇಲೆ ಚೆಂದದ ಹಗುರ ಮೈ ಕೂರಿಸಿ ಮಾರತೊಡಗಿದ. ಅಂಗಡಿಯ ಹೆಸರಿನ ಎರಡು ಅಕ್ಷರಗಳೇ ಕಾರಿನ ಹೆಸರಾದವು.

1928ರ ಲಂಡನ್ ಪ್ರದರ್ಶನದಲ್ಲಿ ಕಿಂಬರ್ ಎಂ-ಟೈಪ್ ಮಿಜೆಟ್ ಎಂಬ ಪುಟ್ಟ ಕಾರು ತಂದು ನಿಲ್ಲಿಸಿದ. ಅದು ಒಳಗೆಲ್ಲ ಮಾರಿಸ್ ಮೈನರ್: 847 ಸಿಸಿ ಇಂಜಿನ್, ಅದೇ ಚಕ್ರ, ಅದೇ ಅಚ್ಚು. ಮೇಲೆ ಮಾತ್ರ ಪ್ಲೈವುಡ್ಡಿಗೆ ಬಟ್ಟೆ ಹೊದಿಸಿದ, ಹಿಂದಕ್ಕೆ ದೋಣಿಯ ಹಾಗೆ ಚೂಪಾದ ಮೈ. ಬೆಲೆ 175 ಪೌಂಡ್. ಅಲ್ಲಿಯವರೆಗೆ ಸ್ಪೋರ್ಟ್ಸ್ ಕಾರು ಎಂದರೆ ಜಹಗೀರುದಾರರ ಮಕ್ಕಳ ಆಟಿಕೆ. ಈಗ ಬ್ಯಾಂಕ್ ಗುಮಾಸ್ತನೂ ಕಂತಿನ ಲೆಕ್ಕ ಹಾಕತೊಡಗಿದ. ಎಂಜಿಯ ವಂಶವಾಹಿನಿ ಏನಿದ್ದರೂ ಇಷ್ಟೇ ಎಂದು ನನ್ನ ಅಭಿಪ್ರಾಯ: ಹೊಸದಾಗಿ ಏನನ್ನೂ ಕಂಡುಹಿಡಿಯಬೇಡ, ಮನೆಯಲ್ಲಿ ಇರುವ ಸಾಮಾನಿನಲ್ಲೇ ಮಜಾ ಮಾಡು.

ಮಾವನ ಟ್ಯಾಕ್ಸಿಯ ಬಾನೆಟ್ಟಿನ ಕೆಳಗಿದ್ದದ್ದು 1489 ಸಿಸಿಯ ಬಿ-ಸೀರೀಸ್ ಇಂಜಿನ್. ಬೆಳಿಗ್ಗೆ ಅವನು ಬಾನೆಟ್ ಎತ್ತಿ, ಅರ್ಧ ಮೈ ಒಳಗೆ ಬಗ್ಗಿಸಿ, ‘ಕಾರ್ಬೇಟರ್’ ಸರಿಮಾಡುವಾಗ ಟಾರ್ಚ್ ಹಿಡಿಯುವ ಕೆಲಸ ನನ್ನದು. ಇದೇ 1489 ಸಿಸಿ ಇಂಜಿನ್ ಹಾಕಿಕೊಂಡು 1955ರಲ್ಲಿ ಎಂಜಿಎ ಎಂಬ ಸುಂದರಿ ಹೊರಬಂದಳು. ಒಂದು ಲಕ್ಷಕ್ಕೂ ಹೆಚ್ಚು ತಯಾರಾಗಿ, ಬಹುಪಾಲು ಅಮೆರಿಕಕ್ಕೆ ಹಡಗು ಹತ್ತಿದಳು. ಇನ್ನೂ ಒಂದು ಸ್ವಾರಸ್ಯ ಇದೆ. 1957ರಲ್ಲಿ ಅದೇ ವಂಶದ ಇಂಜಿನ್ನಿಗೆ ಎರಡು ಕ್ಯಾಮ್‌ಶಾಫ್ಟ್ ಕಟ್ಟಿ, ಸೂಪರ್‌ಚಾರ್ಜರ್ ಸೇರಿಸಿ, ಸಿಡ್ ಎನೆವರ್ ಎಂಬ ಎಂಜಿಯ ಎಂಜಿನಿಯರ್ ನೀರಿನ ಹನಿಯ ಆಕಾರದ ಒಂದು ಗಾಡಿ ಮಾಡಿದ. ಇಎಕ್ಸ್181 ಅದರ ಹೆಸರು. ಡ್ರೈವರ್ ಮೂತಿಯಲ್ಲಿ ಹೆಚ್ಚುಕಡಿಮೆ ಅಂಗಾತ ಮಲಗಬೇಕು, ಇಂಜಿನ್ ಅವನ ಬೆನ್ನ ಹಿಂದೆ. ಅಮೆರಿಕದ ಬಾನ್‌ವಿಲ್‌ನ ಉಪ್ಪಿನ ಬಯಲಿನಲ್ಲಿ ಸ್ಟರ್ಲಿಂಗ್ ಮಾಸ್ ಅದನ್ನು ಗಂಟೆಗೆ 245 ಮೈಲಿ, ಅಂದರೆ 395 ಕಿಲೋಮೀಟರಿನ ಆಚೆ ಓಡಿಸಿದ. ಮಾವನ ಟ್ಯಾಕ್ಸಿ ಬಾಣಾವರದ ಏರಿನಲ್ಲಿ ಎರಡನೇ ಗೇರಿನಲ್ಲಿ ನರಳುತ್ತಿದ್ದ ಸದ್ದು ನೆನೆದರೆ, ಪ್ರತಿಭೆ ಇದ್ದರೆ ಸಾಲದು, ಅವಕಾಶ ಬೇಕು ಎನಿಸುತ್ತದೆ.

ಇಂಜಿನ್ ಬೆನ್ನ ಹಿಂದೆ, ಆದರೆ ಹಿಂಚಕ್ರಗಳ ಮುಂದೆ ಇರಬೇಕು ಎಂಬುದು ರೇಸಿನವರ ಹಳೆಯ ಆಸೆ. ಕಾರಿನಲ್ಲಿ ಎಲ್ಲಕ್ಕಿಂತ ಭಾರದ ವಸ್ತು ಮೂತಿಯಲ್ಲಿ ಕೂತರೆ, ತಿರುವಿನಲ್ಲಿ ಆ ಮೂತಿಯನ್ನು ಎಳೆದು ತಿರುಗಿಸುವುದೇ ಒಂದು ರಗಳೆ. ಅದೇ ಭಾರ ನಡುವಿಗೆ ಬಂದರೆ ಕಾರು ತನ್ನ ಸೊಂಟದ ಮೇಲೇ ಹೊರಳುತ್ತದೆ, ಸ್ಟಿಯರಿಂಗ್ ಬೆರಳಿಗೆ ಹಗುರ. ತೊಂದರೆ ಎಂದರೆ ಖರ್ಚು. ಫೆರಾರಿಯವರು ಅದಕ್ಕಾಗಿಯೇ ಬೇರೆ ಇಂಜಿನ್, ಬೇರೆ ಗೇರ್‌ಬಾಕ್ಸ್ ಮಾಡಿಸುತ್ತಾರೆ. ಎಂಜಿಯವರ ಹತ್ತಿರ ಅಷ್ಟು ದುಡ್ಡೆಲ್ಲಿತ್ತು? ಆದ್ದರಿಂದ ಇಎಕ್ಸ್181ರ ಪಾಠ ಅಂಗಡಿಗೆ ಬರಲು ಮೂವತ್ತೆಂಟು ವರ್ಷ ಬೇಕಾಯಿತು.

1995ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಬಂದ ಎಂಜಿಎಫ್ ಕಿಂಬರ್‌ನ ಹಳೆಯ ಉಪಾಯವನ್ನೇ ಮಾಡಿತ್ತು. ಆಗಿನ ಒಡೆಯ ರೋವರ್ ಕಂಪನಿಗೆ ಮೆಟ್ರೋ ಎಂಬ ಸಣ್ಣ ಸಂಸಾರಿ ಕಾರು ಇತ್ತು. ಇಂಜಿನ್ನನ್ನೂ ಮುಂಚಕ್ರಗಳನ್ನೂ ಹೊರುವ ಅದರ ಮುಂದಿನ ಉಕ್ಕಿನ ಚೌಕಟ್ಟನ್ನು ತಂದು ಸೀಟುಗಳ ಹಿಂದೆ ಕೂರಿಸಿದರು. ಮುಂಚಕ್ರ ತಿರುಗಿಸುತ್ತಿದ್ದದ್ದು ಹಿಂಚಕ್ರ ತಿರುಗಿಸತೊಡಗಿತು. ಮೇಲಿನ ಮೈ ಗೆರ್ರಿ ಮೆಕ್‌ಗವರ್ನ್ ಎಂಬಾತನ ಕೈಯದು. ಈತ ಮುಂದೆ ಲ್ಯಾಂಡ್ ರೋವರ್‌ಗೆ ಹೋಗಿ ಟಾಟಾದವರ ಕೆಳಗೆ ದೊಡ್ಡ ಹೆಸರು ಮಾಡಿದ. ಕಾರಿಗೆ ಕಮಾನುಪಟ್ಟಿಯೂ ಇಲ್ಲ, ಸ್ಪ್ರಿಂಗೂ ಇಲ್ಲ. ಅಲೆಕ್ಸ್ ಮೌಲ್ಟನ್ನನ ಹೈಡ್ರಾಗ್ಯಾಸ್, ಅಂದರೆ ಪ್ರತಿ ಚಕ್ರಕ್ಕೂ ಸಾರಜನಕ ತುಂಬಿದ ಒಂದು ಗುಂಡು, ಮುಂದಿನ ಗುಂಡಿನಿಂದ ಹಿಂದಿನದಕ್ಕೆ ದ್ರವದ ಕೊಳವೆ. ಮುಂಚಕ್ರ ಗುಂಡಿಗೆ ಬಿದ್ದರೆ ಸುದ್ದಿ ಹಿಂಚಕ್ರಕ್ಕೆ ಮೊದಲೇ ತಲುಪುತ್ತದೆ. ಬೆಲೆ 15,995 ಪೌಂಡ್. ಮರುವರ್ಷ ಬಂದ ಪೋರ್ಷೆ ಬಾಕ್ಸ್‌ಸ್ಟರ್‌ಗೆ ಹತ್ತಿರ ಹತ್ತಿರ ಅದರ ಎರಡರಷ್ಟು ಕೊಡಬೇಕಿತ್ತು.

ಕೆಲಸದ ಮೇಲೆ ಕವೆಂಟ್ರಿಯಲ್ಲಿ ನೆಲೆಸಿದ್ದಾಗ ನಾನು ಕೊಂಡದ್ದು ಇದನ್ನೇ, ಸೆಕೆಂಡ್ ಹ್ಯಾಂಡ್, ಕಡುಹಸಿರು. ನನ್ನ ಹೆಂಡತಿಯ ಮೊದಲ ಪ್ರಶ್ನೆ, “ಎರಡೇ ಸೀಟಲ್ರೀ, ಅತ್ತೆ ಬಂದ್ರೆ ಎಲ್ಲಿ ಕೂರೋದು?” ಬಸ್ಸಿನಲ್ಲಿ ಯಾರು ಹೋಗಬೇಕು ಎಂಬುದಷ್ಟೇ ಪ್ರಶ್ನೆ ಎಂದು ನನಗೆ ಅನ್ನಿಸಿದರೂ ಬಾಯಿಬಿಡಲಿಲ್ಲ.

ಅಮ್ಮ ಬಂದಳು. ಕಾರು ತೋರಿಸು ಎಂದಳು. ಟ್ಯಾಕ್ಸಿಯವನ ಅಕ್ಕ, ಅವಳಿಗೆ ಕಾರು ತೋರಿಸುವುದು ಎಂದರೆ ಬಾನೆಟ್ ಎತ್ತುವುದು. ಎತ್ತಿದೆ. ಒಳಗೆ ಸ್ಟೆಪ್ನಿ ಚಕ್ರ, ಬ್ಯಾಟರಿ. “ಇಂಜಿನ್ನೆಲ್ಲೋ?” ಎಂದಳು. ಹಿಂದೆ ಹೋಗಿ ಡಿಕ್ಕಿ ತೆಗೆದೆ. ಅಲ್ಲೂ ಬರೀ ಡಿಕ್ಕಿ. “ಪುಟ್ಟಾ, ನೋಡಿಕೊಂಡು ತಗೊಂಡ್ಯಾ?” ಎಂದು ಸೊಸೆಯ ಮುಖ ನೋಡಿದಳು. ಎಣ್ಣೆ ನೋಡುವ ಕಡ್ಡಿ ಡಿಕ್ಕಿಯ ಬಾಯಲ್ಲೇ ಕೈಗೆ ಸಿಗುತ್ತದೆ, ಅದು ಸರಿ. ಇಂಜಿನ್ನಿನ ಪೂರ್ತಿ ದರ್ಶನ ಬೇಕೆಂದರೆ ಬಟ್ಟೆಯ ಟಾಪಿನ ಹಿಂಭಾಗ ಬಿಚ್ಚಿ, ಕಾರ್ಪೆಟ್ ಎತ್ತಿ, ಬೋಲ್ಟುಗಳನ್ನು ಒಂದೊಂದಾಗಿ ಕಳಚಿ ಲೋಹದ ಮುಚ್ಚಳ ತೆಗೆಯಬೇಕು. ಅಷ್ಟನ್ನೂ ಮಾಡಿಸಿಯೇ ಅಮ್ಮ ನಂಬಿದ್ದು. ಒಳಗೆ ಇಣುಕಿ, “ನಿಮ್ಮ ಮಾವ ಆಗಿದ್ರೆ ಇದನ್ನು ಮಾಡಿದೋರನ್ನ ಬೈಕೊಂಡೇ ರಿಪೇರಿ ಮಾಡ್ತಿದ್ದ” ಎಂದಳು.

ಬೈಯುವವರು ಬಹಳ ಮಂದಿ ಇದ್ದರು. ಎಂಜಿಎಫ್‌ನ 1.8 ಲೀಟರಿನ ಕೆ-ಸೀರೀಸ್ ಇಂಜಿನ್ ಹಗುರವಾದ ಜಾಣ ಇಂಜಿನ್. ಲೋಟಸ್ ಎಲಿಸ್‌ನವರೂ ಅದನ್ನೇ ಹಾಕಿಕೊಂಡರು. ಮೇಲಿನ ಹೆಡ್‌ನಿಂದ ತಳದವರೆಗೆ ಉದ್ದದ ಬೋಲ್ಟುಗಳು ಪದರ ಪದರವಾಗಿ ಇಡೀ ಇಂಜಿನ್ನನ್ನು ಒತ್ತಿ ಹಿಡಿಯುತ್ತವೆ. ಒಳಗೆ ಓಡಾಡುವ ನೀರು ಕಡಿಮೆ. ಇಂಜಿನ್ ನಡುವೆ, ರೇಡಿಯೇಟರ್ ಮೂತಿಯಲ್ಲಿ, ಮಧ್ಯೆ ಮಾರುದ್ದದ ಕೊಳವೆಗಳು. ಎಲ್ಲೋ ಒಂದು ಜಾಯಿಂಟಿನಲ್ಲಿ ಸ್ವಲ್ಪ ಜಿನುಗಿದರೂ ಕಾವು ಏರಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಎಣ್ಣೆಗೆ ನೀರು ಬೆರೆತು, ಎಣ್ಣೆ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಲೋಳೆ ಕಟ್ಟುತ್ತದೆ. ಇಂಗ್ಲೆಂಡಿನಲ್ಲಿ ಈ ಕಾರು ಕೊಳ್ಳಲು ಬರುವವರು ಬಣ್ಣ ಆಮೇಲೆ ನೋಡುತ್ತಾರೆ, ಮೊದಲು ಆ ಮುಚ್ಚಳ ತಿರುಗಿಸುತ್ತಾರೆ.

ಇಂಜಿನ್ನಿನ ಬೆನ್ನಿಗೇ ಅಂಟಿಕೊಂಡ ಡಿಕ್ಕಿಗೆ ಇನ್ನೊಂದು ಗುಣ ಇತ್ತು. ಸೈಲೆನ್ಸರಿನ ಶಾಖಕ್ಕೆ ಅದು ಯಾವಾಗಲೂ ಬೆಚ್ಚಗೆ. ಅಂಗಡಿಯಿಂದ ಐಸ್‌ಕ್ರೀಂ ತಂದರೆ ಪಾಯಸ. ಇದನ್ನು ದೋಷವೆಂದು ಪತ್ರಿಕೆಯವರು ಬರೆದರು; ಗುಣವೆಂದು ಕಂಡುಕೊಂಡವಳು ನಮ್ಮಮ್ಮ. ಕವೆಂಟ್ರಿಯ ಚಳಿಯಲ್ಲಿ ಎರಡು ರಾತ್ರಿ ಇಟ್ಟರೂ ಹಿಟ್ಟು ಹುಳಿ ಬರುತ್ತಿರಲಿಲ್ಲ, ದೋಸೆಯಲ್ಲಿ ಒಂದು ತೂತು ಇರುತ್ತಿರಲಿಲ್ಲ. ಒಂದು ಭಾನುವಾರ ನಾವಿಬ್ಬರೂ ಹೊರಡುವಾಗ, ಅಮ್ಮ ಸ್ಟೀಲ್ ಡಬ್ಬಿಗೆ ಹಳೆಯ ಸ್ವೆಟರ್ ಸುತ್ತಿ ಡಿಕ್ಕಿಯ ಮೂಲೆಯಲ್ಲಿ ಇಟ್ಟು, “ನಿಧಾನ ಹೋಗು, ಚೆಲ್ಲೀತು” ಎಂದಳು. ಸಂಜೆ ಬಂದು ತೆಗೆದರೆ ಮುಚ್ಚಳ ಎಬ್ಬಿಸಿಕೊಂಡು ನೊರೆ. ಅಲ್ಲಿಂದ ಮುಂದೆ ಶನಿವಾರ ರಾತ್ರಿ ರುಬ್ಬಿದರೆ ಭಾನುವಾರ ಡ್ರೈವು ಖಾಯಂ. ನನ್ನ ಹುಚ್ಚಿಗೆ ಮನೆಯಲ್ಲಿ ಅಧಿಕೃತ ಮನ್ನಣೆ ಸಿಕ್ಕಿದ್ದು ಹೀಗೆ.

ಹಿಟ್ಟು ಹುಳಿ ಬರಲು ಸಾಕಾಗುವಷ್ಟು ದೂರದಲ್ಲಿ ಆಬಿಂಗ್ಡನ್ ಇತ್ತು. ಆಕ್ಸ್‌ಫರ್ಡಿನ ದಕ್ಷಿಣಕ್ಕೆ, ಥೇಮ್ಸ್ ದಂಡೆಯ ಸಣ್ಣ ಪಟ್ಟಣ. 1929ರಲ್ಲಿ ಕಿಂಬರ್ ಎಂಜಿಯನ್ನು ಅಲ್ಲಿಗೆ ಕರೆದೊಯ್ದ. ಐವತ್ತು ವರ್ಷ ಊರಿಗೆ ಊರೇ ಅದರ ಮೇಲೆ ಉಂಡಿತು. ಎಂಜಿಬಿ ಒಂದೇ ಮಾದರಿ 1962ರಿಂದ 1980ರವರೆಗೆ ತನ್ನ ಒಡಹುಟ್ಟುಗಳೂ ಸೇರಿ ಐದು ಲಕ್ಷ ದಾಟಿತು. 1979ರಲ್ಲಿ ಊರವರು ಚಿನ್ನದ ಹಬ್ಬ ಮಾಡಿದರು. ಕಾರ್ಖಾನೆಯಲ್ಲಿ ಅಲ್ಲಿ ಇಲ್ಲಿ ಓಡಾಡುತ್ತ ಮೈಮೇಲೆಲ್ಲ ಬಣ್ಣದ ಹನಿ ಬೀಳಿಸಿಕೊಂಡಿದ್ದ ಒಂದು ಹಳೆಯ ಎಂಜಿಯ ನೆನಪಿಗೆ ಊರಿನ ಮಾರ್ಲೆಂಡ್ ಬ್ರೂವರಿಯವರು ‘ಓಲ್ಡ್ ಸ್ಪೆಕಲ್ಡ್ ಹೆನ್’ ಎಂಬ ಹೊಸ ಬಿಯರ್ ಇಳಿಸಿದರು. ಹಬ್ಬದ ಹಿಂದೆಯೇ ಸೋಮವಾರ ಬಂತು ಆದೇಶ: ಕಾರ್ಖಾನೆ ಮುಚ್ಚುತ್ತೇವೆ. 1980ರ ಅಕ್ಟೋಬರಿನಲ್ಲಿ ಮುಚ್ಚಿಯೇಬಿಟ್ಟರು. ನಾವು ಹೋದಾಗ ಕಾರ್ಖಾನೆಯ ಜಾಗದಲ್ಲಿ ಏನೇನೋ ಕಟ್ಟಡಗಳು. ಎಂಜಿ ಪ್ರೇಮಿಗಳ ಕ್ಲಬ್ಬಿನ ಕಚೇರಿ ಮಾತ್ರ ಅಲ್ಲೇ ಉಳಿದಿದೆ, ಸ್ಮಶಾನ ರಸ್ತೆಯಲ್ಲಿ. ನಾನು ಕಟ್ಟಿದ ಕತೆಯಲ್ಲ, ಬೀದಿಯ ಹೆಸರೇ ಅದು. ಬಿಯರ್ ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ.

ಕಿಂಬರ್‌ನ ಗತಿಯೂ ಅಷ್ಟೆ. 1935ರಲ್ಲಿ ಯಜಮಾನ ರೇಸು ನಿಲ್ಲಿಸಿದ. 1941ರಲ್ಲಿ, ಯುದ್ಧವಿಮಾನದ ಕೆಲಸವನ್ನು ಕೇಳದೇ ಒಪ್ಪಿಕೊಂಡನೆಂದು ಕಿಂಬರ್‌ನನ್ನೇ ಹೊರಗೆ ಕಳಿಸಿದರು. 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಹೊರಟ ರೈಲು ಸುರಂಗದ ಏರು ಹತ್ತಲಾರದೆ ನಿಧಾನವಾಗಿ ಹಿಂದಕ್ಕೆ ಜಾರಿತು. ಕತ್ತಲಲ್ಲಿ ಡ್ರೈವರಿಗೇ ತಿಳಿಯಲಿಲ್ಲ. ಕೊನೆಯ ಬೋಗಿ ಸಿಗ್ನಲ್ ಕಂಬಕ್ಕೆ ಬಡಿಯಿತು. ಸತ್ತವರು ಇಬ್ಬರು, ಅವರಲ್ಲೊಬ್ಬ ಕಿಂಬರ್. ಅವನ ಕಾರುಗಳ ಘೋಷವಾಕ್ಯ ‘ಸೇಫ್ಟಿ ಫಾಸ್ಟ್’ ಎಂದಿತ್ತು.

ಎಂಜಿಎಫ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಅಂಚಿನ ಲಾಂಗ್‌ಬ್ರಿಜ್‌ನಲ್ಲಿ. ಅದು ಬರುವುದಕ್ಕೆ ಒಂದು ವರ್ಷದ ಹಿಂದಷ್ಟೇ ರೋವರ್ ಕಂಪನಿಯನ್ನು ಬಿಎಂಡಬ್ಲ್ಯು 80 ಕೋಟಿ ಪೌಂಡಿಗೆ ಕೊಂಡಿತ್ತು. 2000ದಲ್ಲಿ ಕೈತೊಳೆದುಕೊಂಡದ್ದು 10 ಪೌಂಡಿಗೆ. ಸೊನ್ನೆ ಬಿಟ್ಟುಹೋಗಿಲ್ಲ, ಹತ್ತೇ ಪೌಂಡ್. ಹಾಗೆ ಕೊಂಡ ಹೊಸ ಕಂಪನಿ ಹೊಸ ಸಣ್ಣ ಕಾರು ಮಾಡಲು ದುಡ್ಡಿಲ್ಲದೆ ನಮ್ಮ ಪುಣೆಯಿಂದ ಟಾಟಾ ಇಂಡಿಕಾ ತರಿಸಿ ‘ಸಿಟಿರೋವರ್’ ಎಂದು ಮಾರಿತು. ಉತ್ತರಪಾರಾಕ್ಕೆ ಅಚ್ಚು ಕಳಿಸಿದವರ ಕಾರ್ಖಾನೆಗೆ ಪುಣೆಯಿಂದ ಕಾರು ಹೋದದ್ದು ನೋಡಿ ನನ್ನ ಎದೆ ಸ್ವಲ್ಪ ಉಬ್ಬಿದ್ದು ಹೌದು. ಎಂಜಿಎಫ್ ಮಾತ್ರ ಎಪ್ಪತ್ತೇಳು ಸಾವಿರ ದಾಟಿ, 2002ರಲ್ಲಿ ಹೈಡ್ರಾಗ್ಯಾಸ್ ಬಿಟ್ಟು ಸ್ಪ್ರಿಂಗ್ ಕಟ್ಟಿಕೊಂಡು ‘ಟಿಎಫ್’ ಆಯಿತು. 2005ರ ಏಪ್ರಿಲ್‌ನಲ್ಲಿ ಲಾಂಗ್‌ಬ್ರಿಜ್ ಮುಚ್ಚಿತು. ಸುಮಾರು ಆರು ಸಾವಿರ ಜನ ಮನೆಗೆ ಹೋದರು. ಯಂತ್ರಗಳು ಚೀನಾದ ನಾನ್‌ಜಿಂಗ್‌ಗೆ ಹೊರಟವು. ಆ ಬಿಲ್ಲೆ ಹಾಲೋಲ್‌ಗೆ ಬಂದದ್ದು ಈ ದಾರಿಯಲ್ಲಿ. ಈಗ ಅದೇ ಬಿಲ್ಲೆ ಹೊತ್ತ ಸೈಬರ್‌ಸ್ಟರ್ ಎಂಬ ವಿದ್ಯುತ್ ಕಾರು ಇಲ್ಲೂ ಸಿಗುತ್ತದೆ: ಎರಡೇ ಸೀಟು, ಮಡಚುವ ಟಾಪು, ರೆಕ್ಕೆಯಂತೆ ಮೇಲೇಳುವ ಬಾಗಿಲು, ಬೆಲೆ ಮುಕ್ಕಾಲು ಕೋಟಿಯ ಆಸುಪಾಸು. ಬ್ಯಾಂಕ್ ಗುಮಾಸ್ತ ಕಂತಿನ ಲೆಕ್ಕ ಹಾಕುವ ಬೆಲೆಯಲ್ಲ. ಬೆಚ್ಚಗಿನ ಡಿಕ್ಕಿಯೂ ಇರಲಾರದು.

ಊರಿಗೆ ಮರಳುವ ಮುನ್ನ ಕಾರು ಮಾರಬೇಕಾಯಿತು. ನೋಡಲು ಬಂದವರು ಲಾಂಗ್‌ಬ್ರಿಜ್‌ನಲ್ಲೇ ಬಹಳ ಕಾಲ ಫಿಟ್ಟರ್ ಆಗಿದ್ದ ಹಿರಿಯರು. ಬಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಡಿಕ್ಕಿ ತೆಗೆಸಿ, ಎಣ್ಣೆಯ ಮುಚ್ಚಳ ತಿರುಗಿಸಿ, ಬೆಳಕಿಗೆ ಹಿಡಿದು ಒಳಗೆ ನೋಡಿದರು. ಶುಭ್ರ. ಮುಚ್ಚಳ ಹಾಕುವಾಗ ಅವರ ಕಣ್ಣು ಡಿಕ್ಕಿಯ ಮೂಲೆಗೆ ಹೋಯಿತು. ಕಾರ್ಪೆಟ್ ಮೇಲೆ ಒಣಗಿ ಹಕ್ಕಳೆಗಟ್ಟಿದ ಬಿಳಿ ಕಲೆ. ಮುಖ ಗಂಭೀರವಾಯಿತು. ಉಗುರಿನಿಂದ ಕೆರೆದರು, ಮೂಸಿದರು, ಮತ್ತೊಮ್ಮೆ ಮೂಸಿದರು. ಹೆಡ್ ಗ್ಯಾಸ್ಕೆಟ್ಟಿನ ಲೋಳೆ ಇಲ್ಲಿಗೆ ಹೇಗೆ ಹಾರಿತು ಎಂದು ಆ ಅನುಭವಸ್ಥರು ಲೆಕ್ಕ ಹಾಕುತ್ತಿರುವುದು ನನಗೆ ಕಾಣುತ್ತಿತ್ತು. ನನ್ನ ಹೆಂಡತಿ ಮುಂದೆ ಬಂದು, ಅದು ಅಕ್ಕಿ ಮತ್ತು ಉದ್ದಿನಬೇಳೆ, ನಮ್ಮ ಅತ್ತೆಯವರದು ಎಂದು ವಿವರಿಸಿದಳು. ಹಿರಿಯರು ಸ್ವಲ್ಪ ಹೊತ್ತು ಇಂಜಿನ್ ಇರುವ ಕಡೆ, ಮತ್ತೆ ಕಲೆಯ ಕಡೆ ನೋಡಿದರು.

“ಹುಳಿ ಬರಲು ಎಷ್ಟು ಮೈಲಿ ಬೇಕು?” ಎಂದು ಕೇಳಿದರು.

“ಆಬಿಂಗ್ಡನ್‌ಗೆ ಹೋಗಿ ಬಂದರೆ ಸಾಕು” ಎಂದಳು. “ಟಾಪು ಹಾಕಿದ್ದರೂ ಆಗುತ್ತೆ, ತೆಗೆದಿದ್ದರೂ ಆಗುತ್ತೆ.”

ಅವರು ಹಣದ ಲಕೋಟೆ ಹೊರತೆಗೆದರು. ಚೌಕಾಸಿ ಮಾಡಲಿಲ್ಲ.