ನೆಕ್ಕಾರ್ ತೀರದಲ್ಲಿ ಕೆಂಚ

ಪರದೇಶಕ್ಕೆ ಹೊರಟವರು ಉಪ್ಪಿನಕಾಯಿಯ ಭರಣಿ, ಸಾರಿನಪುಡಿಯ ಡಬ್ಬಿ, ಮನೆದೇವರ ಪಟ ಇವನ್ನೆಲ್ಲ ಕಟ್ಟಿಕೊಂಡು ಹೋಗುವುದು ವಾಡಿಕೆ. ನಾವು ಇವೆಲ್ಲದರ ಜೊತೆಗೆ ಒಂದು ನಾಯಿಯನ್ನೂ ಕರೆದೊಯ್ದೆವು. ಅದೂ ಯಾವುದೋ ಘನವಂಶದ ನಾಯಿಯಲ್ಲ. ಮೈಸೂರಿನಲ್ಲಿ ನಮ್ಮ ಬಾಡಿಗೆಮನೆಯ ಗೇಟಿನ ಬಳಿ ಒಂದು ಮಳೆಗಾಲದ ರಾತ್ರಿ ತಾನಾಗಿಯೇ ಬಂದು ಸೇರಿಕೊಂಡ ಬೀದಿಯ ಮರಿ. ಮೈಬಣ್ಣವನ್ನು ನೋಡಿ ‘ಕೆಂಚ’ ಎಂದು ಕರೆದೆವು. ಐದು ವರ್ಷಗಳಲ್ಲಿ ಆತ ಮನೆಯ ಮೂರನೆಯ ಸದಸ್ಯನಾಗಿಬಿಟ್ಟಿದ್ದ.

ನನ್ನ ಮಡದಿ ಜೀವವಿಜ್ಞಾನದ ವಿದ್ಯಾರ್ಥಿನಿ. ಜರ್ಮನಿಯ ಟ್ಯೂಬಿಂಗನ್ ನಗರದಲ್ಲಿ ಆಕೆಗೆ ಮೂರು ವರ್ಷಗಳ ಸಂಶೋಧನ ವೃತ್ತಿ ದೊರೆಯಿತು. ನಾನು ಕಾಲೇಜಿನಿಂದ ಸಂಬಳವಿಲ್ಲದ ರಜೆ ಪಡೆದು, “ಹೆಂಡತಿಯ ಹಿಂದೆ ಗಂಡ ಹೊರಟನೇ?” ಎಂಬ ಬಂಧುಗಳ ಬೆರಗನ್ನು ಬೆನ್ನಿಗೆ ಕಟ್ಟಿಕೊಂಡು, 2023ರ ಅಕ್ಟೋಬರಿನಲ್ಲಿ ಹೊರಟೆ.

ನಮ್ಮಿಬ್ಬರ ಕಾಗದಪತ್ರಗಳಿಗಿಂತ ಕೆಂಚನ ಕಾಗದಪತ್ರಗಳೇ ಹೆಚ್ಚು ಕಾಲ ತೆಗೆದುಕೊಂಡವು. ಭಾರತದಿಂದ ಐರೋಪ್ಯ ಒಕ್ಕೂಟದ ದೇಶಗಳಿಗೆ ಹೋಗುವ ನಾಯಿಯ ಚರ್ಮದಡಿಯಲ್ಲಿ ಮೊದಲು ಅಕ್ಕಿಕಾಳಿನಷ್ಟು ಗಾತ್ರದ ಗುರುತಿನ ಚಿಪ್ಪನ್ನು ಇರಿಸಬೇಕು. ಬಳಿಕ ಹುಚ್ಚುನಾಯಿ ರೋಗದ ವಿರುದ್ಧ ಲಸಿಕೆ. ಲಸಿಕೆ ಹಾಕಿಸಿ ಕನಿಷ್ಠ 30 ದಿನಗಳಾದ ಮೇಲೆ ರಕ್ತವನ್ನು ತೆಗೆದು, ಒಕ್ಕೂಟವು ಒಪ್ಪಿದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ರಕ್ತದಲ್ಲಿ ರೋಗನಿರೋಧಕ ಶಕ್ತಿ ಸಾಕಷ್ಟಿದೆಯೆಂದು ಉತ್ತರ ಬಂದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಮನುಷ್ಯನ ಯೋಗ್ಯತೆಯನ್ನು ಅಳೆಯಲು ಇಷ್ಟು ಕಟ್ಟುನಿಟ್ಟಿನ ಪರೀಕ್ಷೆ ಯಾವ ವಿಶ್ವವಿದ್ಯಾಲಯದಲ್ಲಿಯೂ ಇಲ್ಲವೆಂದು ನನಗೆ ಆಗ ಅನ್ನಿಸಿತು.

ಟ್ಯೂಬಿಂಗನ್ ಸುಮಾರು ತೊಂಬತ್ತು ಸಾವಿರ ಜನರ ಊರು. ಸ್ಟುಟ್‌ಗಾರ್ಟಿನ ದಕ್ಷಿಣಕ್ಕೆ, ನೆಕ್ಕಾರ್ ನದಿಯ ದಡದಲ್ಲಿದೆ. ಇದರ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1477ರಲ್ಲಿ. ಬೆಟ್ಟದ ಮೇಲೊಂದು ಕೋಟೆಯರಮನೆ. ಅದರ ಹಳೆಯ ಅಡಿಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲಿ 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ತರುಣನು, ನಾವು ಇಂದು ಡಿ.ಎನ್.ಎ. ಎನ್ನುವ ವಸ್ತುವನ್ನು ಮೊದಲಬಾರಿಗೆ ಬೇರ್ಪಡಿಸಿದ. ನನ್ನ ಮಡದಿಗೆ ಅದೇ ತೀರ್ಥಕ್ಷೇತ್ರ. ನದಿಯ ಅಂಚಿನಲ್ಲಿ ಹಳದಿ ಬಣ್ಣದ ಒಂದು ಗೋಪುರವಿದೆ. ಮನಸ್ಸಿನ ಸ್ತಿಮಿತವನ್ನು ಕಳೆದುಕೊಂಡ ಮಹಾಕವಿ ಹೋಲ್ಡರ್ಲಿನ್ 1807ರಿಂದ 1843ರವರೆಗೆ, ಮೂವತ್ತಾರು ವರ್ಷ, ಒಬ್ಬ ಬಡಗಿಯ ಮನೆಯವರ ಆಶ್ರಯದಲ್ಲಿ ಅಲ್ಲಿಯೇ ಇದ್ದು ತೀರಿಕೊಂಡ. ನದಿಯ ನಡುವಣ ದ್ವೀಪದಲ್ಲಿ ಮುಗಿಲೆತ್ತರದ ಪ್ಲೇನ್ ಮರಗಳ ಸಾಲು. ಬೇಸಗೆಯಲ್ಲಿ ಉದ್ದಗಳು ಊರಿ ನಡೆಸುವ ಚಪ್ಪಟೆ ದೋಣಿಗಳು. ಚಿತ್ರದಂತಹ ಊರು ಎನ್ನುವುದಕ್ಕೆ ಏನೂ ಅಡ್ಡಿಯಿಲ್ಲ.

ಆದರೆ ಚಿತ್ರದೊಳಗೆ ಮನೆ ಹುಡುಕುವುದು ಬೇರೆ ಮಾತು. ಜರ್ಮನಿಯಲ್ಲಿ ಬಾಡಿಗೆಯ ಕರಾರಿನಲ್ಲಿ ನಾಯಿಬೆಕ್ಕುಗಳನ್ನು ಸಾರಾಸಗಟಾಗಿ ನಿಷೇಧಿಸುವ ಷರತ್ತು ಸಿಂಧುವಲ್ಲವೆಂದು ಅಲ್ಲಿಯ ವರಿಷ್ಠ ನ್ಯಾಯಾಲಯ 2013ರಲ್ಲಿ ತೀರ್ಪು ಕೊಟ್ಟಿದೆ. ಕಾನೂನು ಹಾಗಿದ್ದರೂ, ನಾಯಿಯಿದೆ ಎಂದೊಡನೆ ‘ಮನೆ ಈಗತಾನೇ ಹೋಯಿತು’ ಎಂಬ ಉತ್ತರ ಬರುವುದನ್ನು ಯಾವ ನ್ಯಾಯಾಲಯವೂ ತಡೆಯಲಾರದು. ಏಳನೆಯ ಪ್ರಯತ್ನದಲ್ಲಿ ಮೂರನೆಯ ಮಹಡಿಯ ಎರಡು ಕೋಣೆಗಳು ದೊರೆತವು. ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ನಮ್ಮ ವಿಳಾಸವನ್ನು ನೋಂದಾಯಿಸಿದೆವು. ಕೆಂಚನಿಗೂ ನಾಯಿತೆರಿಗೆ ಕಟ್ಟಿದೆವು. ಆದಾಯವಿಲ್ಲದ ನಾನು ತೆರಿಗೆ ಕಟ್ಟುವಂತಿರಲಿಲ್ಲ. ಆ ಮಟ್ಟಿಗೆ ಅವನು ನನಗಿಂತ ಗೌರವಸ್ಥ ಪ್ರಜೆ.

ಮಡದಿ ಬೆಳಗ್ಗೆ ಎಂಟಕ್ಕೆ ಹೋದರೆ ಸಂಜೆ ಏಳಕ್ಕೆ ಬರುವಳು. ನಾನು ಒಂಬತ್ತರಿಂದ ಹನ್ನೆರಡರವರೆಗೆ ಜರ್ಮನ್ ತರಗತಿಗೆ ಹೋಗುತ್ತಿದ್ದೆ. ಹನ್ನೊಂದು ವರ್ಷ ಪಂಪ ರನ್ನರನ್ನು ಪಾಠ ಹೇಳಿದ ನಾನು, ಹದಿನೆಂಟರ ಹುಡುಗರ ನಡುವೆ ಕುಳಿತು ‘ಇದು ಮೇಜು, ಅದು ಕುರ್ಚಿ’ ಎಂದು ಗಟ್ಟಿಮಾಡುತ್ತಿದ್ದೆ. ಮಾತಿನಿಂದಲೇ ಅನ್ನ ಸಂಪಾದಿಸಿದವನಿಗೆ ಮಾತು ಹೋದರೆ ಉಳಿಯುವುದೇನು? ರೊಟ್ಟಿಯಂಗಡಿಯಲ್ಲಿ ಬೆರಳು ತೋರಿಸಿ ಬ್ರೆಡ್ ಕೊಳ್ಳುತ್ತಿದ್ದೆ. ದಿನಸಿ ಅಂಗಡಿಗಳ ಬಾಗಿಲಲ್ಲಿ ನಾಯಿಯ ಚಿತ್ರವೊಂದರ ಕೆಳಗೆ ಒಂದು ವಾಕ್ಯ ಬರೆದಿರುತ್ತದೆ: ‘ನಾವು ಹೊರಗೇ ಇರಬೇಕು.’ ನಾಯಿಗಳನ್ನು ನಿಷೇಧಿಸಿದೆ ಎನ್ನದೆ, ನಾಯಿಯ ಬಾಯಿಂದಲೇ ಹೇಳಿಸಿದ ಸೌಜನ್ಯ! ನಾನು ಪೂರ್ತಿಯಾಗಿ ಅರ್ಥಮಾಡಿಕೊಂಡ ಮೊದಲ ಜರ್ಮನ್ ವಾಕ್ಯ ಅದೇ. ಅದು ಕೆಂಚನೊಬ್ಬನನ್ನೇ ಕುರಿತದ್ದೆಂದು ಆ ದಿನಗಳಲ್ಲಿ ನನಗೆ ಅನ್ನಿಸಲಿಲ್ಲ.

ಕೆಂಚನೂ ಸೊರಗಿದ. ನಾಲ್ಕು ಗಂಟೆಗೇ ಕತ್ತಲೆ ಕವಿಯುವ ಡಿಸೆಂಬರಿನಲ್ಲಿ ತಟ್ಟೆಯ ಅನ್ನವನ್ನು ಮೂಸಿ ಬಿಡುತ್ತಿದ್ದ. ಒಂದು ರಾತ್ರಿ ನಾನು ಮಡದಿಗೆ, “ನಾನೂ ಕೆಂಚನೂ ಹಿಂದಿರುಗುತ್ತೇವೆ. ನೀನು ಕೆಲಸ ಮುಗಿಸಿಕೊಂಡು ಬಾ” ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಕೆಂಚನ ಹೆಸರು ಹೇಳಬೇಡಿ. ನಿಮಗೆ ಇರಲಾಗದಿದ್ದರೆ ನಿಮಗೆ ಇರಲಾಗದು ಎನ್ನಿ” ಎಂದಳು. ಉತ್ತರ ಕೊಡಲು ನನ್ನ ಬಳಿ ಕನ್ನಡದಲ್ಲಿಯೂ ಮಾತಿರಲಿಲ್ಲ.

ಇದಾದ ಮೂರನೆಯ ದಿನ ಬಾಗಿಲ ಕೆಳಗೆ ಒಂದು ಕಾಗದ ಬಿದ್ದಿತ್ತು. ಕೆಳಗಿನ ಮನೆಯ ವೃದ್ಧೆ ಬರೆದದ್ದು. ಆಕೆಯ ಪರಿಚಯ ನಮಗೆ ಆಗಿದ್ದುದು ‘ಕೇರ್‌ವೊಖ’ದ ಮೂಲಕ ಮಾತ್ರ. ಸ್ವೇಬಿಯ ಪ್ರಾಂತದ ಈ ಹಳೆಯ ಪದ್ಧತಿಯ ಹೆಸರಿಗೆ ‘ಗುಡಿಸುವ ವಾರ’ ಎಂದು ಅರ್ಥ. ಮಹಡಿಮನೆಯ ಒಕ್ಕಲುಗಳು ಸರದಿಯ ಮೇಲೆ ಮೆಟ್ಟಿಲು ಗುಡಿಸಿ, ಒರಸಿ, ಮುಂದಿನ ಕಾಲುದಾರಿಯನ್ನು ಚೊಕ್ಕಟ ಮಾಡಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. ನಾನು ಗುಡಿಸಿದ ಮೆಟ್ಟಿಲನ್ನು ಆಕೆ ಎರಡು ಸಲ ಮತ್ತೆ ಗುಡಿಸಿದ್ದನ್ನು ಕಂಡಿದ್ದೆ. ಆದುದರಿಂದ ಇದು ದೂರಿನ ಪತ್ರವೇ ಎಂದು ಎದೆ ನಡುಗಿತು.

ಅನುವಾದ ಮಾಡಿಕೊಡುವ ಮೊಬೈಲು ಆಕೆಯ ಹಳೆಯ ಕಾಲದ ಕೂಡಕ್ಷರದ ಮುಂದೆ ಸೋತಿತು. ಕೊನೆಗೆ ನಿಘಂಟನ್ನು ಹಿಡಿದು ಕುಳಿತೆ. ಆಗ ಕಿಟ್ಟೆಲ್ ಅವರ ನೆನಪಾಯಿತು. ಈ ದೇಶದಿಂದ ಇಪ್ಪತ್ತೊಂದರ ಹರೆಯದಲ್ಲಿ, 1853ರಲ್ಲಿ, ನಮ್ಮ ನಾಡಿಗೆ ಬಂದು, ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಕಟ್ಟಿ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಫರ್ಡಿನೆಂಡ್ ಕಿಟ್ಟೆಲ್. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ಕಂಡವರು ಅನೇಕರಿದ್ದಾರೆ. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಟ್ಯೂಬಿಂಗನ್ನಿನಲ್ಲಿ. 1896ರಲ್ಲಿ ಇಲ್ಲಿಯ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರು ಇಲ್ಲಿಯೇ ತೀರಿಕೊಂಡರು. ತರಗತಿಯಲ್ಲಿ ಈ ಸಂಗತಿಗಳನ್ನು ಎಷ್ಟೋ ಸಲ ಹೇಳಿದ್ದೆ. ಒಬ್ಬ ಮನುಷ್ಯ ಒಂದು ಪದದ ಮುಂದೆ ಏನೂ ತಿಳಿಯದೆ ಕುಳಿತಿದ್ದ ಸಾವಿರ ಸಂಜೆಗಳು ಆ ನಿಘಂಟಿನ ಹಿಂದೆ ಇದ್ದುವೆಂಬುದು ಮಾತ್ರ ನನಗೆ ಅಂದು ಹೊಳೆಯಿತು.

ಒಂದೂವರೆ ಗಂಟೆಯಲ್ಲಿ ಹನ್ನೊಂದು ಸಾಲುಗಳು ಬಿಡಿಸಿಕೊಂಡವು. ‘ನೀವು ಹೊರಗೆ ಹೋದಾಗ ನಿಮ್ಮ ನಾಯಿ ಒಂಬತ್ತರಿಂದ ಹನ್ನೆರಡರವರೆಗೆ ಅಳುತ್ತದೆ. ಅದಕ್ಕೆ ಸಿಟ್ಟಿಲ್ಲ, ಭಯ. ನಾನು ಹಗಲೆಲ್ಲ ಮನೆಯಲ್ಲಿಯೇ ಇರುತ್ತೇನೆ. ನನ್ನಲ್ಲಿ ಬಿಟ್ಟು ಹೋಗಬಹುದು. ನನ್ನ ಗುಡಿಸುವ ವಾರದಲ್ಲಿ ಮಾತ್ರ ಬೇಡ, ಮೆಟ್ಟಿಲು ಒದ್ದೆಯಾಗಿರುತ್ತದೆ.’

ಮರುದಿನ ಕೆಂಚನನ್ನು ಕರೆದುಕೊಂಡು ಇಳಿದೆ. ಆಕೆ ‘ಕೊಂ’, ‘ಝಿಟ್ಸ್’ ಎಂದು ತನ್ನ ಭಾಷೆಯಲ್ಲಿ ಕರೆದಳು, ಕುಳಿತುಕೊ ಎಂದಳು. ಕೆಂಚ ಕಿವಿಯನ್ನೂ ಆಡಿಸಲಿಲ್ಲ. “ಇದಕ್ಕೆ ಜರ್ಮನ್ ಬಾರದು” ಎಂದು ನನ್ನ ಹರಕುಮುರುಕು ಜರ್ಮನ್ನಿನಲ್ಲಿ ಹೇಳಿದೆ. ಆಕೆ ನಗಲಿಲ್ಲ. ಕನ್ನಡಕ ಹಾಕಿಕೊಂಡು, ಕಾಗದ ಪೆನ್ಸಿಲುಗಳನ್ನು ತಂದು, “ಹಾಗಾದರೆ ಅದರ ಭಾಷೆಯನ್ನು ಹೇಳಿ” ಎಂದಳು. ‘ಬಾ’, ‘ಕೂತ್ಕೊ’, ‘ಬೇಡ’, ‘ಸಾಕು’, ‘ಜಾಣ’ ಎಂಬ ಐದು ಮಾತುಗಳನ್ನು ರೋಮನ್ ಲಿಪಿಯಲ್ಲಿ ಬರೆದುಕೊಂಡಳು. ಜರ್ಮನಿಯಲ್ಲಿ ನನ್ನ ಮೊದಲ ವಿದ್ಯಾರ್ಥಿನಿಗೆ ಎಪ್ಪತ್ತೆಂಟು ವರ್ಷ.

ಒಂದು ವಾರದ ಮೇಲೆ ಆಕೆ ಕೇಳಿದ ಪ್ರಶ್ನೆಯನ್ನು ನನ್ನ ಎಂ.ಎ. ತರಗತಿಯವರೂ ಕೇಳಿದವರಲ್ಲ. “ನೀವು ಒಮ್ಮೆ ‘ಬಾ’ ಎನ್ನುತ್ತೀರಿ, ಒಮ್ಮೆ ‘ಬಾರೋ’ ಎನ್ನುತ್ತೀರಿ, ನಿಮ್ಮ ಪತ್ನಿ ನನಗೆ ‘ಬನ್ನಿ’ ಎಂದರು. ಭೇದವೇನು?” ಅವರ ಭಾಷೆಯಲ್ಲಿ ಸಲಿಗೆಯವರಿಗೆ ‘ಡು’, ಉಳಿದವರಿಗೆ ‘ಝೀ’. ನಮ್ಮ ಏಕವಚನ ಬಹುವಚನಗಳೂ ಹಾಗೆಯೇ. ‘ಬಾರೋ’ ಎಂಬ ಓಕಾರದಲ್ಲಿ ಮಾತ್ರ ಇನ್ನೂ ಒಂದು ಗೇಣು ಹತ್ತಿರದ ಅಕ್ಕರೆಯಿದೆ ಎಂದು ವಿವರಿಸಿದೆ. ಅರ್ಧ ಜರ್ಮನ್, ಅರ್ಧ ಕೈಸನ್ನೆ. ಎಷ್ಟೋ ದಿನಗಳ ಮೇಲೆ ಪೂರ್ಣವಾಗಿ ಒಂದು ಪಾಠ ಮಾಡಿದ್ದೆ. ಅಂದು ಸಂಜೆ ಮಡದಿಯೊಡನೆ ಹಿಂದಿರುಗುವ ಮಾತನ್ನು ನಾನು ಎತ್ತಲಿಲ್ಲ, ಆಕೆಯೂ ಕೇಳಲಿಲ್ಲ. ಇಬ್ಬರೂ ಕೆಂಚನನ್ನು ಕರೆದುಕೊಂಡು ಪ್ಲೇನ್ ಮರಗಳ ಸಾಲಿನ ಕೊನೆಯವರೆಗೆ ನಡೆದುಬಂದೆವು.

ವೃದ್ಧೆ ಎಲ್ಲವನ್ನೂ ಕೇಳಿ ಯೋಚಿಸಿ, ಕೆಂಚನಿಗೆ ‘ಬನ್ನಿ’ ಎನ್ನಲು ನಿಶ್ಚಯಿಸಿದಳು. “ನಮ್ಮ ಪರಿಚಯ ಇನ್ನೂ ಹೊಸದು” ಎಂಬುದು ಆಕೆಯ ಸಮಾಧಾನ. ಬೀದಿಯಲ್ಲಿ ಹುಟ್ಟಿದ ನಮ್ಮ ಕೆಂಚ ಆ ಚಳಿಗಾಲವೆಲ್ಲ ಬಹುವಚನದಲ್ಲಿಯೇ ಬಾಳಿದ.

ಏಪ್ರಿಲಿನಲ್ಲಿ ನದಿಯ ಮೇಲೆ ಮತ್ತೆ ದೋಣಿಗಳು ಕಾಣಿಸಿಕೊಂಡವು. ಗುಡಿಸುವ ವಾರದ ಫಲಕ ನಮ್ಮ ಬಾಗಿಲಿಗೆ ಬಂದಿತ್ತು. ಮೆಟ್ಟಿಲನ್ನು ಮೇಲಿನಿಂದ ಕೆಳಗೆ ಒರಸುತ್ತ ಬಂದೆ. ಕೆಳಗಿನ ಮನೆಯ ಬಾಗಿಲು ತೆರೆಯಿತು. ವೃದ್ಧೆ ಮೆಟ್ಟಿಲನ್ನೊಮ್ಮೆ ನೋಡಿ, ಏನೂ ಹೇಳದೆ, ಪೊರಕೆಯನ್ನೂ ತೆಗೆದುಕೊಳ್ಳದೆ, ನನ್ನ ಹಿಂದೆ ನಿಂತಿದ್ದ ಕೆಂಚನತ್ತ ತಿರುಗಿ ಕರೆದಳು:

“ಬಾರೋ.”