ಗರ್ಭಕೋಶದ ಗಡ್ಡೆ ಮತ್ತು ನಮ್ಮ ಮದ್ದಿನ ಪಂಪು

ಈ ಸಲ ಬೆಳೆ ಬಗ್ಗೆ ಬರೆಯುತ್ತಿಲ್ಲ. ಹಾಗಂತ ಗದ್ದೆಗೆ ಸಂಬಂಧ ಇಲ್ಲದ್ದೂ ಅಲ್ಲ. ಸ್ವಲ್ಪ ಉದ್ದ ಇದೆ, ಪುರಸೊತ್ತು ಮಾಡಿಕೊಂಡು ಓದಿ. ಗಂಡಸರು ಮುಖ್ಯವಾಗಿ ಓದಿ.

ಅಂಕೋಲಾ, ಕಾರವಾರ ಕಡೆ ನಾಲ್ಕು ಹೆಂಗಸರು ಕೂತರೆ ಈಗ ಗಡ್ಡೆಯ ಮಾತು ಬಂದೇ ಬರ್ತದೆ. ಫೈಬ್ರಾಯ್ಡ್ ಅಂತಾರಲ್ಲ, ಅದೇ. ನನ್ನ ಮನೆಯವಳಿಗೆ 42ನೇ ವಯಸ್ಸಿಗೆ ಗರ್ಭಚೀಲ ತೆಗೆಸಿದ್ದು ಇದಕ್ಕೇ. ಅದಕ್ಕೂ ಮೊದಲು ಮೂರು ವರ್ಷ ಪ್ರತಿ ತಿಂಗಳೂ ಎಂಟು ಹತ್ತು ದಿನ ರಕ್ತ ಹೋಗ್ತಿತ್ತು. ನಟ್ಟಿ ಮಾಡ್ತಾ ಮಾಡ್ತಾ ತಲೆ ತಿರುಗಿ ಗದ್ದೆಯಂಚಿನಲ್ಲಿ ಕೂತಳು, ಆಗಲೇ ವಿಷಯ ಹೊರಗೆ ಬಂದದ್ದು. "ಹೆಂಗಸರಿಗೆ ಇದು ಇದ್ದದ್ದೇ" ಅಂತ ಅವಳ ಆಯಿ ಹೇಳಿಕೊಟ್ಟಿದ್ದರು.

ಈಗ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಾಳೆ, ಏಳು ತಿಂಗಳು. ಸ್ಕ್ಯಾನಿಂಗಿನಲ್ಲಿ ಅವಳಿಗೂ ಒಂದು ಸಣ್ಣ ಗಡ್ಡೆ ಕಂಡಿದೆ. ಹೆದರುವಂಥದ್ದಲ್ಲ, ನೋಡ್ತಾ ಇರೋಣ ಅಂದ್ರು ಡಾಕ್ಟರು. ಮಗಳು ನನ್ನ ಹತ್ತಿರ ಕೇಳಿದ್ದೇ ಬೇರೆ: "ಅಪ್ಪಾ, ಹೆಣ್ಣು ಹುಟ್ಟಿದ್ರೆ ಅದಕ್ಕೂ ಬರ್ತದಾ?" ನಾನು ಎಸ್ಸೆಸ್ಸೆಲ್ಸಿ ಪಾಸಾದವ. ಡಾಕ್ಟರ ಹತ್ತಿರ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಹಾಕ್ತಿದ್ದೇನೆ.

ಮೊದಲು ಸಮಾಧಾನದ ಮಾತು. ಇದು ಕ್ಯಾನ್ಸರ್ ಅಲ್ಲ. ಗರ್ಭಕೋಶದ ಗೋಡೆಯ ಸ್ನಾಯುವೇ ಗಂಟು ಕಟ್ಟಿ ಬೆಳೆಯೋದು. 50 ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಸಣ್ಣದೋ ದೊಡ್ಡದೋ ಇರ್ತದೆ, ಬಹಳ ಜನರಿಗೆ ಅದು ಇದ್ದದ್ದೂ ತಿಳಿಯೋದಿಲ್ಲ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹೆಣ್ಣಿನ ಹಾರ್ಮೋನುಗಳೇ ಅದಕ್ಕೆ ಗೊಬ್ಬರ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ತಾಯಿಗೆ, ಅಕ್ಕತಂಗಿಗೆ ಇದ್ದರೆ ಬರುವ ಸಾಧ್ಯತೆ ಹೆಚ್ಚು.

ಆದರೆ ಎಲ್ಲವೂ ರಕ್ತಸಂಬಂಧದಿಂದಲೇ ಬರೋದಲ್ಲ. ಅಮೆರಿಕದಲ್ಲಿ 'ಸಿಸ್ಟರ್ ಸ್ಟಡಿ' ಅಂತ ಒಂದು ದೊಡ್ಡ ಅಧ್ಯಯನ ಇದೆ. ಸುಮಾರು 50,000 ಹೆಂಗಸರು ಸೇರಿದ್ದಾರೆ. ಅವರಲ್ಲಿ ಸುಮಾರು 20,000 ಜನರ ಮಾಹಿತಿ ಹಿಡಿದು 2010ರಲ್ಲಿ ಒಂದು ವರದಿ ಬಂತು. 35 ವರ್ಷದೊಳಗೆ ಗಡ್ಡೆ ಕಂಡವರಲ್ಲಿ ಕೆಲವು ಸಂಗತಿಗಳು ಹೆಚ್ಚಾಗಿ ಸಿಕ್ಕಿದವು: ಬಸುರಿಗೆ ಮೊದಲೇ ತಾಯಿಗೆ ಸಕ್ಕರೆ ಕಾಯಿಲೆ ಇದ್ದದ್ದು, ತಿಂಗಳಿಗೂ ಮುಂಚೆ ಹುಟ್ಟಿದ್ದು, ಹಸುಗೂಸಾಗಿದ್ದಾಗ ಸೋಯಾ ಪುಡಿಯ ಹಾಲು ಕುಡಿದದ್ದು, ಮತ್ತೆ ತಾಯಿ ಬಸುರಿಯಲ್ಲಿ ಡಿಇಎಸ್ ಎಂಬ ಮಾತ್ರೆ ತೆಗೆದುಕೊಂಡದ್ದು. ಇದೆಲ್ಲ ನೆನಪಿನಿಂದ ಹೇಳಿದ ಉತ್ತರ, ಹಾಗಾಗಿ ಸಂಬಂಧ ತೋರಿಸ್ತದೆ, ಇದೇ ಕಾರಣ ಅಂತ ಸಾಬೀತು ಮಾಡೋದಿಲ್ಲ.

ಡಿಇಎಸ್ ಕಥೆ ರೈತರಾದ ನಾವು ತಿಳಿದಿರಬೇಕು. 1938ರಲ್ಲಿ ತಯಾರಾದ ಕೃತಕ ಈಸ್ಟ್ರೋಜನ್ ಅದು. ಗರ್ಭಪಾತ ತಡೀತದೆ ಅಂತ ಬಸುರಿಯರಿಗೆ ಕೊಟ್ಟರು, ಬೇಗ ಮೈ ತುಂಬಲಿ ಅಂತ ಕೋಳಿಗೂ ದನಕ್ಕೂ ಕೊಟ್ಟರು. ಮಾತ್ರೆ ತಿಂದ ತಾಯಂದಿರಿಗೆ ಆಗ ಏನೂ ಕಾಣಲಿಲ್ಲ. ಹುಟ್ಟಿದ ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದಾಗ ಕೆಲವರಲ್ಲಿ ಅಪರೂಪದ ಕ್ಯಾನ್ಸರ್ ಕಂಡಿತು. 1971ರಲ್ಲಿ ಬಸುರಿಯರಿಗೆ ಕೊಡಬಾರದು ಅಂತ ಅಮೆರಿಕ ಸರ್ಕಾರ ಎಚ್ಚರಿಸಿತು.

ಇಲಿಗಳ ಮೇಲೆ 2005ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಸ್ಪಷ್ಟ. ಹುಟ್ಟಿನಿಂದಲೇ ಈ ಗಡ್ಡೆಯ ಗುಣ ಇದ್ದ ಇಲಿಗಳನ್ನು ತೆಗೆದುಕೊಂಡರು. ಸುಮ್ಮನೆ ಬಿಟ್ಟರೆ ನೂರಕ್ಕೆ ಸುಮಾರು 65ರಲ್ಲಿ ಗಡ್ಡೆ. ಹುಟ್ಟಿದ ಹೊಸತರಲ್ಲೇ ಡಿಇಎಸ್ ಕೊಟ್ಟರೆ 90 ದಾಟಿತು. ಗರ್ಭಕೋಶ ರೂಪುಗೊಳ್ಳುವ ಹೊತ್ತಿಗೆ ತಪ್ಪು ಸೂಚನೆ ಸಿಕ್ಕಿ, ಮುಂದೆ ಪ್ರಾಯದಲ್ಲಿ ತನ್ನದೇ ಹಾರ್ಮೋನಿಗೆ ಅದು ಅತಿಯಾಗಿ ಸ್ಪಂದಿಸ್ತದೆ.

ಅಗೆಮಡಿಯಲ್ಲಿ ದಿನ ಮೀರಿ ಬಲಿತ ಸಸಿಯನ್ನು ನೆಟ್ಟು, ಆಮೇಲೆ ಎಷ್ಟು ಯೂರಿಯಾ ಹಾಕಿದರೂ ಸರಿಯಾಗಿ ತೆಂಡೆ ಒಡೆಯೋದಿಲ್ಲ ಅಲ್ವಾ? ಹಾಗೇ ಇದು.

ಈಗ ನಮ್ಮ ಊರಿಗೆ ಬರೋಣ. ನಾನು ಸಣ್ಣವನಿದ್ದಾಗ ಮಲೇರಿಯಾದವರು ಬಂದು ಮನೆಯೊಳಗೆಲ್ಲ ಡಿಡಿಟಿ ಹೊಡೆದು, ಬಾಗಿಲ ಹತ್ತಿರ ತಾರೀಕು ಬರೆದು ಹೋಗ್ತಿದ್ದರು. ಭತ್ತದ ಕಣಜಕ್ಕೆ, ಬದನೆ ಗಿಡಕ್ಕೆ ಗೆಮಾಕ್ಸಿನ್ ಪುಡಿ. ಡಿಡಿಟಿ ದೇಹದೊಳಗೆ ಈಸ್ಟ್ರೋಜನ್ನಿನ ಹಾಗೆ ನಟಿಸ್ತದೆ, ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳೀತದೆ, ತಾಯಿಯಿಂದ ಹೊಟ್ಟೆಯ ಕೂಸಿಗೂ ದಾಟ್ತದೆ. ಹೊಲಗದ್ದೆಗೆ ಡಿಡಿಟಿ ನಿಷೇಧವಾದದ್ದು 1989ರಲ್ಲಿ, ಗೆಮಾಕ್ಸಿನ್ ಹೋದದ್ದು 1997ರಲ್ಲಿ.

ಆಮೇಲೆ ಎಂಡೋಸಲ್ಫಾನ್. ಕಾಸರಗೋಡಿನ ಗೇರು ತೋಪುಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದದ್ದು ಎಲ್ಲರಿಗೂ ಗೊತ್ತು. ಕನ್ನಡ ಮಾತಾಡುವ ಪಡ್ರೆ ಊರಿನ ಸಂಕಟವನ್ನು ಡಾ. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಹೊರಗೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿಯ 117 ಗಂಡು ಮಕ್ಕಳನ್ನು ಬೇರೆ ಊರಿನ 90 ಮಕ್ಕಳ ಜೊತೆ ಹೋಲಿಸಿ ನೋಡಿದರು. ಮದ್ದು ಬಿದ್ದ ಊರಿನ ಹುಡುಗರು ಪ್ರಾಯಕ್ಕೆ ಬರೋದು ತಡವಾಗಿತ್ತು. ವರದಿ 2003ರಲ್ಲಿ ಪ್ರಕಟವಾಯ್ತು. ಸುಪ್ರೀಂ ಕೋರ್ಟು 2011ರ ಮೇ 13ರಂದು ಇಡೀ ದೇಶದಲ್ಲಿ ತಡೆ ಹಾಕಿತು. ನಮ್ಮ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ಕಡೆಯಲ್ಲೂ ಎಂಡೋ ಪೀಡಿತರು ಇದ್ದಾರೆ.

ಆ ಅಧ್ಯಯನ ಗಡ್ಡೆಯ ಬಗ್ಗೆ ಮಾಡಿದ್ದಲ್ಲ. ನನ್ನ ಮನೆಯವಳ ಗಡ್ಡೆ ಡಿಡಿಟಿಯಿಂದಲೇ ಬಂತು ಅಂತಲೂ ನಾನು ಹೇಳೋದಿಲ್ಲ. ಆದರೆ ಬೆಳೆಯುವ ಮಕ್ಕಳ ಹಾರ್ಮೋನಿನ ದಾರಿಗೆ ನಮ್ಮ ಮದ್ದು ಅಡ್ಡ ಬರ್ತದೆ ಅನ್ನೋದಕ್ಕೆ ಪಡ್ರೆ ಸಾಕು.

ಮಗಳಿಗೆ ನಾನು ಹೇಳಿದ್ದು ಇಷ್ಟು: ರಕ್ತದಲ್ಲಿ ಬರುವುದನ್ನು ತಡೆಯೋದು ನಮ್ಮ ಕೈಲಿಲ್ಲ. ಹೊರಗಿನಿಂದ ಬರುವುದನ್ನು ಆದಷ್ಟು ದೂರ ಇಡಬಹುದು. ನಾವು ಮನೆಯಲ್ಲಿ ಮಾಡಿಕೊಂಡ ಪಾಳಿ ಹೀಗಿದೆ.

ಮದ್ದು ಹೊಡೆದ ಗದ್ದೆಗೆ ಬಸುರಿಯರು, ಹಾಲೂಡಿಸುವವರು, ಮಕ್ಕಳು ಕಳೆ ಕೀಳಲಿಕ್ಕೆ, ಸೊಪ್ಪು ಕೊಯ್ಯಲಿಕ್ಕೆ ಇಳಿಯೋದಿಲ್ಲ. ಪಂಪು ತೊಳೆಯೋದು ಬಾವಿಕಟ್ಟೆಯಲ್ಲಿ ಅಲ್ಲ. ಮದ್ದು ಹೊಡೆದವನ ಬಟ್ಟೆ ಅವನೇ ಬೇರೆಯಾಗಿ ತೊಳೀತಾನೆ. ಮದ್ದಿನ ಬಾಟಲಿಯಲ್ಲಿ ಸೀಮೆಎಣ್ಣೆ, ತೆಂಗಿನೆಣ್ಣೆ ಏನೂ ತುಂಬೋದಿಲ್ಲ. ಡಬ್ಬಿಯ ಮೇಲಿನ ತ್ರಿಕೋನ ಹಸಿರಿದೆ, ಇದು ಸಾದಾ ಮದ್ದು ಅಂತ ಅಂಗಡಿಯವರು ಹೇಳ್ತಾರೆ. ಆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ಹೇಳೋದು ಕುಡಿದರೆ, ಮೈಗೆ ತಾಗಿದರೆ ಎಷ್ಟು ಬೇಗ ಜೀವ ತೆಗೀತದೆ ಅನ್ನೋದನ್ನು ಮಾತ್ರ. ಹೊಟ್ಟೆಯಲ್ಲಿರುವ ಕೂಸಿನ ಲೆಕ್ಕ ಅದರಲ್ಲಿಲ್ಲ.

ಬಸುರಿಯಲ್ಲಿ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ಕೂಸಿಗೆ ಆರು ತಿಂಗಳು ತಾಯಿಹಾಲೇ ಇರಲಿ. ದೊಡ್ಡವರು ಸೋಯಾ ತಿನ್ನೋದಕ್ಕೂ ಈ ವರದಿಗೂ ಸಂಬಂಧ ಇಲ್ಲ.

ಇನ್ನೊಂದು. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಗರ್ಭಚೀಲ ತೆಗೆಯೋದು ಬಿಟ್ಟು ಬೇರೆ ದಾರಿ ಇದೆ ಅಂತ ಯಾರೂ ಹೇಳಲಿಲ್ಲ. ಮಾತ್ರೆ ಇದೆ, ಗಡ್ಡೆ ಮಾತ್ರ ತೆಗೆಯುವ ಆಪರೇಷನ್ನೂ ಇದೆ. ಕೇಳಿ, ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ಮುಟ್ಟು ಒಂದು ವಾರ ದಾಟಿದರೆ, ಸುಸ್ತು ಇದ್ದರೆ, ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿಸಿ.

ಮದ್ದಿನ ಬಾಟಲಿ ನಿಮ್ಮ ಮನೆಯಲ್ಲಿ ಎಲ್ಲಿದೆ? ಅಡುಗೆಮನೆ ಅಟ್ಟದಲ್ಲಿದ್ದರೆ ಇವತ್ತೇ ಕೊಟ್ಟಿಗೆಗೆ ಸಾಗಿಸಿ, ಬೀಗ ಹಾಕಿ.